‘ಪಾವು’ ಒಂದೇನಾ, ಹತ್ತಾರಾ?

ಕೊಪ್ಪಿಕರ್ ರೋಡ್

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಪದ ತಲೆ ತಿನ್ನುತ್ತಿದೆ: ಪಾವು.

ಹುಬ್ಬಳ್ಳಿಯ ಕಾಯಿಪಲ್ಲೆ ಸಂತೆಯಲ್ಲಿ ‘ಪಾವ್ ಕಿಲೊ ಬದನಿಕಾಯಿ ಕೊಡ್ರಿ’ ಅನ್ನುತ್ತೇವೆ. ನಾಲ್ಕು ಹೆಜ್ಜೆ ಆಚೆ ಗಾಡಿ ಮುಂದೆ ನಿಂತು ‘ಎರಡು ವಡಾ ಪಾವ್ ಕಟ್ರಿ’ ಅನ್ನುತ್ತೇವೆ. ಬೆಂಗಳೂರಿನ ನಮ್ಮ ಅತ್ತಿಗೆ ಅಕ್ಕಿ ಅಳೆಯುವುದು ಪಾವಿನಲ್ಲಿ. ಹಿಂದಿಯಲ್ಲಿ ಪಾಂವ್ ಅಂದರೆ ಕಾಲು. ಬ್ಯಾಂಕಿಗೆ ಹೋದರೆ ಪಾವತಿ. ಇಷ್ಟು ಸಾಲದು ಅಂತ ಮಗಳ ಹಳಗನ್ನಡ ಪಾಠದಲ್ಲಿ ಪಾವು ಅಂದರೆ ಹಾವು!

ಇವೆಲ್ಲ ಒಂದೇ ಬೇರಿನ ಮಾತುಗಳಾ, ಅಥವಾ ಬೇರೆ ಬೇರೆನಾ? ನನ್ನ ಗೆಳೆಯ ‘ಎಲ್ಲಾ ಸಂಸ್ಕೃತದ ಪಾದ, ಮುಗೀತು’ ಅಂತ ಷರಾ ಬರೆದುಬಿಟ್ಟ. ನನಗೆ ಸಮಾಧಾನ ಆಗಿಲ್ಲ. ತಿಳಿದವರು ಹೇಳಿ.

ಲಾದಿ ಪಾವ್

ಗೆಳೆಯ ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮದು ಬೇಕರಿ ಮನೆತನ, ಆ ಅನುಭವದಿಂದ ಹೇಳುತ್ತೇನೆ. ಪಾವ್ ಬಿಡಿಬಿಡಿಯಾಗಿ ಬೇಯುವುದಿಲ್ಲ. ಹಿಟ್ಟಿನ ಉಂಡೆಗಳನ್ನು ತಗಡಿನ ತಟ್ಟೆಯಲ್ಲಿ ಒತ್ತೊತ್ತಾಗಿ ಇಡುತ್ತೇವೆ. ಉಬ್ಬಿದಾಗ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದಕ್ಕೇ ಪಾವಿಗೆ ನೆತ್ತಿ ಮಾತ್ರ ಕೆಂಪು, ಪಕ್ಕ ಎಲ್ಲ ಬಿಳಿ, ಮೆತ್ತಗೆ. ಭಟ್ಟಿಯಿಂದ ಹೊರಗೆ ಬಂದ ಇಡೀ ಹಲಗೆಗೆ ಲಾದಿ ಅನ್ನುತ್ತೇವೆ. ಮರಾಠಿಯಲ್ಲಿ ಲಾದಿ ಅಂದರೆ ನೆಲಕ್ಕೆ ಹಾಸುವ ಚಪ್ಪಡಿ. ಗಿರಾಕಿ ಬಂದರೆ ಲಾದಿಯಿಂದ ನಾಲ್ಕರ ಒಂದು ತುಂಡು ಮುರಿದು ಕೊಡುತ್ತೇವೆ. ಅದರಲ್ಲಿ ಒಂದು ಅಂದರೆ ಪಾವು. ಲೆಕ್ಕ ಸರಿ ಆಯ್ತಲ್ಲ?

ಕಾರವಾರದ ಗಾಳಿ

ಲೆಕ್ಕ ಸರಿ, ಹೆಸರಿನ ಕಥೆ ಬೇರೆ. ನಾನು ಕಾರವಾರದವಳು, ಮದುವೆಯಾಗಿ ಹುಬ್ಬಳ್ಳಿಗೆ ಬಂದವಳು. ಪಾವ್ ಪೋರ್ಚುಗೀಸರ ಮಾತು. ಅವರ ಭಾಷೆಯಲ್ಲಿ ರೊಟ್ಟಿಗೆ ಹೆಚ್ಚುಕಡಿಮೆ ‘ಪಾಂವ್’ ಅಂತಲೇ ಅನ್ನುತ್ತಾರೆ, ಮೂಗಿನಲ್ಲಿ ಸ್ವಲ್ಪ ಎಳೆಯಬೇಕು. ಅದು ಲ್ಯಾಟಿನ್ನಿನ ‘ಪಾನಿಸ್’ನಿಂದ ಬಂದದ್ದು. 1510ರಲ್ಲಿ ಅವರು ಗೋವಾ ಹಿಡಿದರು. ಆಮೇಲೆ ಗೋಧಿ ಹಿಟ್ಟನ್ನು ಹುಳಿ ಬರಿಸಿ ಭಟ್ಟಿಯಲ್ಲಿ ಬೇಯಿಸುವ ಕಸುಬು ಅಲ್ಲಿ ಬೇರು ಬಿಟ್ಟಿತು. ಹುದುಗು ಬರಿಸಲು ತೆಂಗಿನ ಕಳ್ಳು ಹಾಕುತ್ತಿದ್ದರು, ಅದಕ್ಕೆ ಅಲ್ಲಿ ‘ಸೂರ್’ ಅನ್ನುತ್ತಾರೆ. ಗೋವಾದಲ್ಲಿ ಇವತ್ತಿಗೂ ಬೆಳಗ್ಗೆ ಸೈಕಲ್ ಮೇಲೆ ಪಾವ್ ತರುವವನು ‘ಪೊದೆರ್’. ಅದೂ ಪೋರ್ಚುಗೀಸರ ಮಾತೇ.

ಗೋವಾದ ಬೇಕರಿಯವರು ಮುಂಬೈಗೆ ಹೋದರು. ಅವರ ಜತೆ ಪಾವೂ ಹೋಯಿತು. ನಾಲ್ಕು ತುಂಡಾಗಿ ಮುರಿದು ಮಾರುವುದು ಆಮೇಲಿನ ರೂಢಿ.

ಲಾದಿ ಪಾವ್

ಅಕ್ಕಾರ, ಪೋರ್ಚುಗೀಸರು ಬಂದದ್ದು ನನಗೂ ಗೊತ್ತು. ಆದರೆ ಗೋಧಿ ನಮ್ಮದು, ಭಟ್ಟಿ ನಮ್ಮದು, ಮಾರುವವರು ನಾವು. ಹೆಸರು ಮಾತ್ರ ಅವರದ್ದು ಅಂದರೆ ಹೇಗೆ? ಇನ್ನೊಂದು ಮಾತು. ನಮ್ಮ ಮುತ್ತಜ್ಜನ ಕಾಲದಲ್ಲಿ ಮಡಿವಂತರು ಪಾವ್ ಮುಟ್ಟುತ್ತಿರಲಿಲ್ಲವಂತೆ. ‘ಕಾಲಿನಿಂದ ತುಳಿದು ನಾದುತ್ತಾರೆ, ಅದಕ್ಕೇ ಪಾಂವ್’ ಅನ್ನುತ್ತಿದ್ದರಂತೆ. ಇದು ಶುದ್ಧ ಸುಳ್ಳು, ನಾವು ಕೈಯಲ್ಲೇ ನಾದಿದವರು. ಆದರೂ ‘ಪಾದ’ ಅನ್ನುವ ವಾದಕ್ಕೆ ಇದೂ ಒಂದು ಸಾಕ್ಷಿ ಅಲ್ವಾ?

ರೇಲ್ವೆ ಕ್ವಾರ್ಟರ್ಸ್

ಸುಳ್ಳು ಅಂತ ನೀವೇ ಹೇಳಿ ಮತ್ತೆ ಅದನ್ನೇ ಸಾಕ್ಷಿ ಅಂತೀರಲ್ಲ ಮಾರಾಯರೆ!

ಇದನ್ನು ಬಗೆಹರಿಸಲು ಬಂಗಾಳಕ್ಕೆ ಹೋಗಬೇಕು. ನಾನು ಹುಬ್ಬಳ್ಳಿಗೆ ಬರುವ ಮುಂಚೆ ಖರಗ್‌ಪುರದಲ್ಲಿ ಕೆಲಸ ಮಾಡಿದವನು. ಬಂಗಾಳಿಯಲ್ಲಿ ಕಾಲು ಭಾಗಕ್ಕೆ ‘ಪೋಯಾ’ ಅನ್ನುತ್ತಾರೆ. ಒಂದು ಪೋಯಾ ಹಾಲು, ಒಂದು ಪೋಯಾ ಎಣ್ಣೆ. ದೇಹದ ಕಾಲಿಗೆ ‘ಪಾ’. ಆದರೆ ಬ್ರೆಡ್ಡಿಗೆ ‘ಪಾಉರುಟಿ’! ನಾಲ್ಕರಲ್ಲಿ ಒಂದು ಅಂತ ಹೆಸರು ಬಂದಿದ್ದರೆ ಅದು ಪೋಯಾರುಟಿ ಆಗಬೇಕಿತ್ತು. ಕಾಲಿನಿಂದ ತುಳಿದದ್ದಾಗಿದ್ದರೆ ಪಾರುಟಿ. ಎರಡೂ ಆಗಲಿಲ್ಲ. ಹೂಗ್ಲಿ ದಂಡೆಯಲ್ಲೂ ಪೋರ್ಚುಗೀಸರು ವ್ಯಾಪಾರಕ್ಕೆ ಕುಳಿತಿದ್ದರು, ಅಲ್ಲಿ ಅವರ ಮಾತು ಹಾಗೇ ಉಳಿಯಿತು. ನಮ್ಮ ಕಡೆ ಕಾಲು ಭಾಗವೂ ಪಾವ್, ಬ್ರೆಡ್ಡೂ ಪಾವ್ ಆಗಿ ಕೂತದ್ದರಿಂದ ಈ ಗೊಂದಲ.

‘ಪಾಉರುಟಿ’ ಅಂದರೆ ಅರ್ಥ ಏನು ಹೇಳಿ? ರೊಟ್ಟಿ-ರೊಟ್ಟಿ. ಗುಜರಾತಿ, ಮರಾಠಿಯಲ್ಲಿ ‘ನಾನ್‌ಪಾವ್’ ಅನ್ನುವುದೂ ಹಾಗೇ. ನಾನ್ ಅಂದರೆ ಪಾರಸಿಯಲ್ಲಿ ರೊಟ್ಟಿ. ಗೊತ್ತಿಲ್ಲದ ಹೆಸರಿನ ಪಕ್ಕ ಗೊತ್ತಿರುವ ಹೆಸರು ಅಂಟಿಸುವುದು ನಮ್ಮ ಜನರ ಚಾಳಿ. ಗೇಟುಬಾಗಿಲು ಅನ್ನುವುದಿಲ್ಲವೇ?

ಸಪ್ತಾಪುರ ಹಾಸ್ಟೆಲ್

ಕ್ವಾರ್ಟರ್ಸ್‌ನಲ್ಲಿ ಇರುವವರೇ ಕಾಲು ಭಾಗದ ಬಗ್ಗೆ ಇಷ್ಟು ಚೆನ್ನಾಗಿ ಹೇಳಬಲ್ಲರು 😄 ಅಂದ ಹಾಗೆ ಸಂಜೆಯ ಹೊತ್ತು ಹಿಂದಿಯವರು ‘ಪವ್ವಾ’ ಅನ್ನುತ್ತಾರಲ್ಲ ಸರ್, ಅದು ಯಾವ ಲೆಕ್ಕಕ್ಕೆ?

ರೇಲ್ವೆ ಕ್ವಾರ್ಟರ್ಸ್

ಅದೂ ಕಾಲೇ ತಮ್ಮಾ, ಕಾಲು ಬಾಟಲಿ. ಮೊದಲು ಪರೀಕ್ಷೆ ಮುಗಿಸು.

ಯಾಲಕ್ಕಿ ಮಾಲೆ

ಹಾವೇರಿಯಿಂದ ಒಂದು ಸೇರಿಸುತ್ತೇನೆ. ಆ ವಡಾ ಪಾವ್ ಅನ್ನೇ ಬಿಡಿಸಿ ನೋಡಿ. ಪಾವ್ ಪೋರ್ಚುಗೀಸರ ಮಾತು. ಒಳಗಿನ ಬಟಾಟಿಯೂ ಅವರದ್ದೇ, ಅವರು ‘ಬಟಾಟಾ’ ಅನ್ನುತ್ತಾರೆ. ಬೆಂಗಳೂರಿನವರು ಆಲೂಗೆಡ್ಡೆ ಅಂದರೂ ನಮ್ಮ ಕಡೆ ಬಟಾಟಿನೇ ಅಲ್ವಾ. ಇನ್ನು ಪಕ್ಕದಲ್ಲಿ ಉಪ್ಪು ಹಚ್ಚಿ ಕರಿದ ಹಸಿ ಮೆಣಸಿನಕಾಯಿ. ಮೆಣಸಿನಕಾಯಿಯ ತವರು ಅಮೆರಿಕ ಖಂಡ, ನಮ್ಮಲ್ಲಿಗೆ ತಂದವರು ಪೋರ್ಚುಗೀಸರು. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಅದರ ಮುತ್ತಾತನೂ ಹಡಗು ಹತ್ತಿ ಬಂದವನೇ. ವಡೆ ಒಂದು ನಮ್ಮದು.

ಇನ್ನು ನನ್ನ ಪ್ರಶ್ನೆ. ನಮ್ಮೂರಿನ ಹೆಸರು ಹಾವು ಮತ್ತು ಕೇರಿ ಸೇರಿ ಹಾವೇರಿ ಆಯಿತು ಅನ್ನುತ್ತಾರೆ. ಹಳಗನ್ನಡದಲ್ಲಿ ಹಾವಿಗೆ ಪಾವು ಅಂತಿದ್ದರೆ ಈ ಹಾವಿಗೂ ಅಳತೆಯ ಪಾವಿಗೂ ಏನಾದರೂ ನಂಟು ಇದೆಯಾ?

ಮಾಳಮಡ್ಡಿ ಮಾಸ್ತರ

ಏನೂ ನಂಟಿಲ್ಲ. ಆದರೆ ಪ್ರಶ್ನೆ ಚೆನ್ನಾಗಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಶಾಲೆಯಲ್ಲಿ ಕನ್ನಡ ಹೇಳಿದ ಅಭ್ಯಾಸ, ಬಿಟ್ಟು ಹೋಗುವುದಿಲ್ಲ.

ಹಾವಿನ ಪಾವು ಅಪ್ಪಟ ದ್ರಾವಿಡ ಮಾತು. ತಮಿಳಿನಲ್ಲಿ ಪಾಂಬು, ಮಲಯಾಳದಲ್ಲಿ ಪಾಂಬ್, ತೆಲುಗಿನಲ್ಲಿ ಪಾಮು. ಹಳಗನ್ನಡದಲ್ಲಿ ಪಾವು. ಅಣ್ಣಿಗೇರಿಯವರು ‘ನಮ್ಮವನು’ ಅಂತ ಎದೆ ತಟ್ಟಿ ಹೇಳುವ ಪಂಪನ ಕಾಲದ ಕನ್ನಡ ನೋಡಿ. 941ರ ಸುಮಾರಿನದು. ಅಲ್ಲಿ ಪಾಲ್, ಪುಲಿ, ಪೂ, ಪಳ್ಳಿ, ಪೊಲ. ಎಲ್ಲ ಪಕಾರ. ಅಲ್ಲಿಂದ ಮುಂದೆ ಮೂರು ನಾಲ್ಕು ನೂರು ವರ್ಷಗಳಲ್ಲಿ ಮಾತಿನ ಮೊದಲಿನ ಈ ಪಕಾರ ಹಕಾರ ಆಗುತ್ತ ಬಂತು. ಹಾಲು, ಹುಲಿ, ಹೂ, ಹಳ್ಳಿ, ಹೊಲ. ಪಾವು ಹಾವಾಯಿತು. ತಮಿಳು, ತೆಲುಗಿನಲ್ಲಿ ಹೀಗೆ ಆಗಲಿಲ್ಲ. ಇದು ನಮ್ಮ ಕನ್ನಡದ ವರಸೆ.

ಈಗ ಅಳತೆಯ ಪಾವಿಗೆ ಬನ್ನಿ. ಅದು ಸಂಸ್ಕೃತದ ‘ಪಾದ’ದಿಂದ ಪ್ರಾಕೃತ ದಾಟಿ, ಮರಾಠಿ-ಹಿಂದಿಯಲ್ಲಿ ‘ಪಾವ್’ ಆಗಿ ನಮ್ಮಲ್ಲಿಗೆ ಬಂತು. ಯಾವಾಗ? ಅದರ ಮೊದಲ ಅಕ್ಷರವೇ ಹೇಳುತ್ತದೆ. ಹಕಾರದ ಗಾಳಿ ಬೀಸಿ ನಿಂತ ಮೇಲೆ ಬಂದದ್ದರಿಂದ ಪಾವು ಪಾವಾಗೇ ಉಳಿಯಿತು. ಮೊದಲೇ ಬಂದಿದ್ದರೆ ನಾವು ಇವತ್ತು ‘ಹಾವು ಕಿಲೊ ಬದನಿಕಾಯಿ’ ಕೇಳುತ್ತಿದ್ದೆವು! ರೊಟ್ಟಿಯ ಪಾವ್ ಅಂತೂ ಇನ್ನೂ ತಡವಾಗಿ ಬಂದದ್ದು. ನೋಡಿ, ಹಾವು ಪಕಾರದ ಮನೆ ಖಾಲಿ ಮಾಡಿ ಹೋಯಿತು. ಖಾಲಿ ಮನೆಗೆ ಒಬ್ಬೊಬ್ಬರಾಗಿ ಬೇರೆ ಊರಿನ ಬಾಡಿಗೆದಾರರು ಬಂದು ಕುಳಿತರು. ಒಂದೇ ಬಾಗಿಲು ಅಂದಮಾತ್ರಕ್ಕೆ ಅವರು ಒಂದೇ ಕುಟುಂಬ ಆಗುವುದಿಲ್ಲ.

ಪಾದ, ಪತ್ರ, ಪುಸ್ತಕ ಇವು ಹಳೆಯವಲ್ಲವೇ, ಹಕಾರ ಯಾಕೆ ಆಗಲಿಲ್ಲ ಅಂತ ಯಾರೋ ಕೇಳುತ್ತೀರಿ. ಅವು ಓದು ಬರಹದ ಜತೆ ಸಂಸ್ಕೃತದ ರೂಪದಲ್ಲೇ ಉಳಿದವು. ಸಂಸ್ಕೃತ ಗೊತ್ತಿದ್ದವರು ತಿದ್ದುತ್ತಲೇ ಇದ್ದರು.

ಹಾವೇರಿಯ ಹೆಸರಿನ ಬಗ್ಗೆ: ಹಾವು-ಕೇರಿ ಅನ್ನುವುದೇ ಜನ ಹೇಳುತ್ತ ಬಂದ ವಿವರಣೆ. ಕೇರಿ ಅನ್ನುವುದು ನಮ್ಮ ಸುತ್ತಮುತ್ತ ಬೇಕಾದಷ್ಟಿದೆ. ಅಣ್ಣಿಗೇರಿ, ಬೆಟಗೇರಿ, ಸಾಧನಕೇರಿ.

ಕೊಪ್ಪಿಕರ್ ರೋಡ್

ಮಾಸ್ತರ್ರೆ, ಇಷ್ಟು ದಿನ ಎಲ್ಲಿದ್ದಿರಿ! ಹಾಗಾದರೆ ‘ಪಾದ’ ಅಂದರೆ ಕಾಲು. ಅದು ನಾಲ್ಕರಲ್ಲಿ ಒಂದು ಭಾಗ ಹೇಗಾಯಿತು?

ಮಾಳಮಡ್ಡಿ ಮಾಸ್ತರ

ಆಕಳಿಗೆ ಎಷ್ಟು ಕಾಲು? ನಾಲ್ಕು. ಒಂದು ಕಾಲು ಅಂದರೆ ನಾಲ್ಕರಲ್ಲಿ ಒಂದು. ಪದ್ಯದ ನಾಲ್ಕು ಸಾಲಿನಲ್ಲಿ ಒಂದಕ್ಕೂ ಪಾದ ಅನ್ನುವುದು ಇದಕ್ಕೇ.

ಅದಕ್ಕಿಂತ ಮಜಾ ಏನು ಗೊತ್ತಾ? ಸಂಸ್ಕೃತದ ಹಂಗೇ ಇಲ್ಲದ ನಮ್ಮ ಸ್ವಂತ ಮಾತೂ ಇದೇ ದಾರಿ ಹಿಡಿದಿದೆ. ದೇಹದ ಕಾಲೂ ಕಾಲು, ಕಾಲು ಕಿಲೋದ ಕಾಲೂ ಕಾಲು. ತಮಿಳಿನಲ್ಲೂ ಹಾಗೇ, ಕಾಲ್ ಅಂದರೆ ಎರಡೂ. ಪಾವ್ ಕಿಲೊ, ಕಾಲು ಕಿಲೊ ಬೇರೆ ಬೇರೆ ಬಾಯಿಂದ ಬಂದ ಒಂದೇ ಯೋಚನೆ.

ಹಿಂದಿಯ ಪಾಂವ್ ಕೂಡ ಅದೇ ಪಾದ. ಹಾಗಾಗಿ ನಿಮ್ಮ ಗೆಳೆಯ ಅರ್ಧ ಸರಿ. ಅಳತೆಯ ಪಾವು, ಹಿಂದಿಯ ಪಾಂವ್, ನಮ್ಮ ಕಡೆ ಮೆಟ್ಟಿಲಿಗೆ ಅನ್ನುವ ಪಾವಟಿಗೆ, ನಾಲ್ಕಾಣೆಯ ಪಾವಲಿ, ಇವೆಲ್ಲ ಒಂದೇ ಮನೆತನ. ರೊಟ್ಟಿ ಮತ್ತು ಹಾವು ಹೊರಗಿನವು.

ಅಚ್ಚೇರು ಅಕ್ಕ

ಪಾವಲಿ! ಎಷ್ಟು ವರ್ಷ ಆಯಿತು ಈ ಮಾತು ಕೇಳಿ. ನಾಲ್ಕು ಪಾವಲಿ ಸೇರಿದರೆ ಒಂದು ರೂಪಾಯಿ. 1957ರಲ್ಲಿ ಆಣೆ ಹೋಗಿ ನಯಾ ಪೈಸೆ ಬಂತು. ಆದರೂ 25 ಪೈಸೆಗೆ ನಾವು ಪಾವಲಿ, ನಾಲ್ಕಾಣೆ ಅಂತಲೇ ಅನ್ನುತ್ತಿದ್ದೆವು. 2011ರ ಜೂನ್ ಕೊನೆಗೆ ಆ ನಾಣ್ಯವೇ ನಿಂತಿತು. ಮಾತೂ ಅದರ ಹಿಂದೆ ಹೋಯಿತು.

ನಮ್ಮ ಅಡುಗೆಮನೆಯ ಲೆಕ್ಕ ಹೇಳುತ್ತೇನೆ. ನಾಲ್ಕು ಚಟಾಕು ಒಂದು ಪಾವು, ಎರಡು ಪಾವು ಒಂದು ಅಚ್ಚೇರು, ಎರಡು ಅಚ್ಚೇರು ಒಂದು ಸೇರು. ಸೇರು ಊರಿಂದ ಊರಿಗೆ ಬೇರೆ ಬೇರೆ ಇತ್ತು, ಜಗಳ ಜಾಸ್ತಿ. ಅಳೆಯುವ ಸೇರು ಬೇರೆ, ತೂಕದ ಸೇರು ಬೇರೆ. ಸರಕಾರದ 80 ತೊಲದ ಸೇರು ಅಂದರೆ 933 ಗ್ರಾಂ. ಅದರ ಪಾವು 233 ಗ್ರಾಂ ಆಗುತ್ತದೆ. ಕಿಲೊ ಬಂದ ಮೇಲೆ ಪಾವ್ ಅನ್ನುವ ಹೆಸರು ಉಳಿಯಿತು, ತೂಕ 250 ಆಯಿತು. ಗಿರಾಕಿಗೆ 17 ಗ್ರಾಂ ಲಾಭ. ಅಂಗಡಿಯವನು ರೇಟಿನಲ್ಲಿ ತೆಗೆದುಕೊಂಡಿರುತ್ತಾನೆ, ಬಿಡಿ.

ಹಿತ್ತಾಳೆ ಪಾವು ಇನ್ನೂ ನಮ್ಮ ಮನೆಯಲ್ಲಿದೆ. ಕಂಠದ ಸುತ್ತ ಗೆರೆ, ತಳದಲ್ಲಿ ಠಸ್ಸೆ. ತಲೆ ಸಮ ಅಳೆದರೆ ಒಂದು ಲೆಕ್ಕ, ಗೋಪುರ ಏರಿಸಿ ಅಳೆದರೆ ಇನ್ನೊಂದು. ಮಾರುವವರು ತಲೆ ಸಮ ಅಳೆಯುತ್ತಾರೆ, ಕೊಳ್ಳುವವರು ಗೋಪುರ ಕೇಳುತ್ತಾರೆ.

ಸಪ್ತಾಪುರ ಹಾಸ್ಟೆಲ್

ಮಾಸ್ತರ್ ಸರ್, ಹಾಗಾದರೆ ಇಂಗ್ಲಿಷಿನಲ್ಲಿ ನಾಯಿ ಬೆಕ್ಕಿನ ಪಂಜಕ್ಕೆ ‘ಪಾ’ ಅನ್ನುತ್ತಾರಲ್ಲ? ಅದನ್ನು ಬರೆಯುವಾಗ ಕೊನೆಗೆ ವಕಾರವೂ ಬರುತ್ತದೆ. ಹಿಂದಿಯ ಪಾಂವ್, ಇಂಗ್ಲಿಷಿನ ಪಾ. ಇದು ಖಂಡಿತ ಒಂದೇ ಇರಬೇಕು. ಎರಡೂ ಕಾಲು, ಎರಡರ ಸದ್ದೂ ಒಂದೇ. ರೂಮಿನಲ್ಲಿ ಎಲ್ಲರ ಹತ್ತಿರ ಬೆಟ್ ಕಟ್ಟಿದ್ದೇನೆ.

ಮಾಳಮಡ್ಡಿ ಮಾಸ್ತರ

ಬೆಟ್ ಹೋಯಿತು ತಮ್ಮಾ.

ಇಂಗ್ಲಿಷಿನ ಆ ಪಂಜ ಹಳೆಯ ಫ್ರೆಂಚಿನ ಮೂಲಕ ಬಂದದ್ದು. ಜರ್ಮನ್ನಿನ ‘ಫೋಟೆ’, ಡಚ್ಚಿನ ‘ಪೋಟ್’ ಅದರ ಬಳಗ. ಸಂಸ್ಕೃತದ ಪಾದದ ನಿಜವಾದ ದಾಯಾದಿ ಇಂಗ್ಲಿಷಿನಲ್ಲಿ ‘ಫುಟ್’. ನೋಡಲು ಹೋಲಿಕೆಯೇ ಇಲ್ಲ, ಆದರೂ ರಕ್ತ ಸಂಬಂಧ. ಸಂಸ್ಕೃತ, ಲ್ಯಾಟಿನ್ನಿನಲ್ಲಿ ಪಕಾರ ಇರುವ ಕಡೆ ಇಂಗ್ಲಿಷಿನ ಹಳೆಯ ಮಾತುಗಳಲ್ಲಿ ಫಕಾರ ಬರುತ್ತದೆ. ಪಿತೃ ಇದ್ದಲ್ಲಿ ಫಾದರ್, ಪಾದ ಇದ್ದಲ್ಲಿ ಫುಟ್. ಸೈಕಲ್ಲಿನ ಪೆಡಲ್ ಲ್ಯಾಟಿನ್ ಕಡೆಯಿಂದ ಬಂದ ಇನ್ನೊಬ್ಬ ದಾಯಾದಿ. ಪಾರಸಿಯ ಪಾಯ್ ಕೂಡ ಅದೇ. ಪಾಯ್ ಅಂದರೆ ಕಾಲು, ಜಾಮಾ ಅಂದರೆ ಬಟ್ಟೆ, ಸೇರಿ ಪಾಯಿಜಾಮಾ.

ನಮ್ಮಲ್ಲಿ ಪ ಹೋಗಿ ಹ ಆದದ್ದಕ್ಕೂ ಒಂದು ಕ್ರಮ ಇತ್ತು, ಅವರಲ್ಲಿ ಪ ಹೋಗಿ ಫ ಆದದ್ದಕ್ಕೂ ಒಂದು ಕ್ರಮ ಇತ್ತು. ಆ ಕ್ರಮ ಹಿಡಿದು ಹೋಗಬೇಕು. ಕಿವಿಗೆ ಒಂದೇ ತರ ಕೇಳಿಸಿತು ಅಂತ ಬೆಟ್ ಕಟ್ಟಬಾರದು.

ಮುಳಗುಂದ ನಾಕಾ

ನೀವು ರೊಟ್ಟಿ, ಹಾವು ಅಂತ ನಗುತ್ತಿದ್ದೀರಿ. ಈ ಪಾವಿನಿಂದ ನಮ್ಮ ಕಾಕಾ ಪಟ್ಟ ಪಾಡು ಕೇಳಿ. ಗದಗ ಜಿಲ್ಲೆ, ಕಚೇರಿ ಹೆಸರು ಬೇಡ.

ನಮ್ಮ ದೊಡ್ಡಜ್ಜ ತೀರಿಕೊಂಡರು. ಹೊಲ ಅವರ ಹೆಸರಿನಲ್ಲೇ ಇತ್ತು. ಅದನ್ನು ವಾರಸುದಾರರ ಹೆಸರಿಗೆ ಏರಿಸಬೇಕಿತ್ತು, ನಮ್ಮ ಕಡೆ ಇದಕ್ಕೆ ‘ವಾರಸಾ ಮಾಡಿಸೋದು’ ಅನ್ನುತ್ತೇವೆ. ಕಾಕಾ ಉತಾರ, ಅಂದರೆ ಹೊಲದ ಪಹಣಿ, ಹಿಡಿದುಕೊಂಡು ಹೋದ. ಅಲ್ಲಿದ್ದ ಹೊಸ ಹುಡುಗ ದಕ್ಷಿಣದ ಕಡೆಯವನು. ‘ಪೌತಿ ಮಾಡಿಸಬೇಕು, ಪೌತಿ ಅರ್ಜಿ ತನ್ನಿ’ ಅಂದ. ಕಾಕಾನ ಕಿವಿಗೆ ಬಿದ್ದದ್ದು ‘ಪಾವತಿ’. ನಮ್ಮ ಹಿರಿಯರ ಬಾಯಲ್ಲಿ ಪಾವತಿ ಅಂದರೆ ರಸೀದಿ. ಮನೆಗೆ ಬಂದು ಟ್ರಂಕು ಬಿಚ್ಚಿ, ದೊಡ್ಡಜ್ಜ ಕಂದಾಯ ಕಟ್ಟಿದ ಹಳೆಯ ರಸೀದಿಗಳನ್ನೆಲ್ಲ ದಾರ ಪೋಣಿಸಿ ಒಯ್ದ. ‘ಎಲ್ಲಾ ಪಾವತಿ ತಂದೇನ್ರಿ’ ಅಂದ. ಹುಡುಗ ‘ಇದಲ್ಲ ಅಜ್ಜಾ, ಪೌತಿ, ಪೌತಿ’ ಅಂದ. ಕಾಕಾ ‘ಇದ ಅಲ್ಲೇನಪಾ ಪಾವತಿ’ ಅಂದ. ಹಿಂದೆ ಸಾಲಿನಲ್ಲಿ ನಿಂತವರಿಗೆ ನಗು, ಇವನಿಗೆ ಸಿಟ್ಟು. ಕೊನೆಗೆ ಒಬ್ಬ ಹಳೆಯ ಗುಮಾಸ್ತರು ಎದ್ದು ಬಂದು ‘ಮರಣ ದಾಖಲೆ ತಗೊಂಡ್ ಬಾ, ವಾರಸಾ ಹಚ್ಚೋಣು’ ಅಂದ ಮೇಲೆ ಬಗೆಹರಿಯಿತು.

ಇವೆರಡೂ ಒಂದೇ ಮಾತು ಕೆಟ್ಟು ಎರಡಾದದ್ದಾ?

ರೇಲ್ವೆ ಕ್ವಾರ್ಟರ್ಸ್

ಒಂದೇ ಅಲ್ಲ. ಪೌತಿ ಅರಬ್ಬಿಯದು. ಅಲ್ಲಿ ‘ಫೌತ್’ ಅಂದರೆ ಕಳೆದುಹೋಗುವುದು, ಪಾರಸಿಯಲ್ಲಿ ಅದಕ್ಕೆ ಸಾವು ಅನ್ನುವ ಅರ್ಥ ಬಂತು. ಪಾರಸಿ ಆಡಳಿತದ ಕಾಲದಲ್ಲಿ ಕಂದಾಯದ ಕಾಗದಪತ್ರಕ್ಕೆ ಬಂತು. ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಏರಿಸುವುದಕ್ಕೆ ಪೌತಿ ಖಾತೆ. ನಿಮ್ಮ ‘ವಾರಸಾ’ ಕೂಡ ಅರಬ್ಬಿ ಮೂಲದ್ದೇ. ಹಾಗಾಗಿ ಆ ಹುಡುಗ, ನಿಮ್ಮ ಕಾಕಾ ಇಬ್ಬರೂ ಅರಬ್ಬಿಯನ್ನೇ ಆಡುತ್ತಿದ್ದರು, ಬೇರೆ ಬೇರೆ ಅರಬ್ಬಿ.

ನಮ್ಮವರ ಬಾಯಲ್ಲಿ ಫಕಾರ ನಿಲ್ಲುವುದಿಲ್ಲ, ಫೌತಿ ಪೌತಿ ಆಯಿತು.

ಅಚ್ಚೇರು ಅಕ್ಕ

ಪಾವತಿ ಮರಾಠಿಯಿಂದ ಬಂದದ್ದು. ನನ್ನ ತವರು ಬೆಳಗಾವಿ ಕಡೆ, ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ. ಮರಾಠಿಯಲ್ಲಿ ‘ಪಾವಣೆ’ ಅಂದರೆ ಮುಟ್ಟುವುದು, ದೊರೆಯುವುದು, ದೇವರು ಒಲಿಯುವುದು. ‘ದೇವ ಪಾವಲಾ’ ಅಂದರೆ ದೇವರು ಒಲಿದ. ದುಡ್ಡು ಮುಟ್ಟಿತು ಅಂತ ಬರೆದುಕೊಡುವ ಚೀಟಿ ಪಾವತಿ. ಅದು ರಸೀದಿಯೇ. ನಿಮ್ಮ ಕಾಕಾ ಹೇಳಿದ್ದೇ ಸರಿ.

ಕನ್ನಡಕ್ಕೆ ಬಂದ ಮೇಲೆ ಅದು ತಿರುವು ಮುರುವಾಯಿತು. ಈಗ ಸರಕಾರಿ ಕನ್ನಡದಲ್ಲಿ ‘ಪಾವತಿಸಿ’ ಅಂದರೆ ದುಡ್ಡು ಕೊಡಿ ಅಂತ. ಮರಾಠಿಯವರು ಪಾವತಿ ಅಂದರೆ ಚೀಟಿ ತೆಗೆದುಕೊಳ್ಳಲು ಕೈ ಚಾಚುತ್ತಾರೆ, ಕನ್ನಡದ ಕೌಂಟರಿನವರು ದುಡ್ಡಿಗೆ ಕೈ ಚಾಚುತ್ತಾರೆ. ಇಬ್ಬರ ಕೈಯೂ ಮುಂದೆ. ನಮ್ಮ ಜಿಲ್ಲೆಗಳು 1956ರ ತನಕ ಮುಂಬೈ ಪ್ರಾಂತ್ಯದಲ್ಲಿ ಇದ್ದವಲ್ಲ, ಅದಕ್ಕೇ ಇಲ್ಲಿನ ಹಿರಿಯರಿಗೆ ಮರಾಠಿ ಅರ್ಥವೇ ನೆನಪು. ಉತಾರ, ತಲಾಠಿ (ಊರ ಲೆಕ್ಕಿಗ) ಎಲ್ಲ ಅದೇ ಕಾಲದ ಉಳಿಕೆ.

ಇದಕ್ಕೂ ಪಾದಕ್ಕೂ ಸಂಬಂಧ ಇಲ್ಲ. ಇದು ‘ಪ್ರಾಪ್ತಿ’ಯ ಕಡೆಯದು. ಹೌದಲ್ರಿ ಮಾಸ್ತರ್ರೆ?

ಮಾಳಮಡ್ಡಿ ಮಾಸ್ತರ

ಹೌದು. ಸಂಸ್ಕೃತದಲ್ಲಿ ಸೇರು, ಹೊಂದು ಅನ್ನುವ ಅರ್ಥದ ಧಾತು ಪ್ರಾಕೃತದಲ್ಲಿ ಸವೆದು ‘ಪಾವ’ ಆಗಿದೆ. ಕಾಕಾನಿಗೆ ನನ್ನ ನಮಸ್ಕಾರ ಹೇಳಿ.

ಕಾರವಾರದ ಗಾಳಿ

ಅದೇ ಧಾತು ನಮ್ಮ ಕೊಂಕಣಿಯಲ್ಲಿ ದಿನಾ ಬಾಯಲ್ಲಿ ಇರುತ್ತದೆ. ‘ಪಾವ್ಲೊ’ ಅಂದರೆ ಬಂದು ಮುಟ್ಟಿದ. ಇನ್ನೊಂದಿದೆ: ಮಳೆಗೆ ‘ಪಾವ್ಸ್’. ಅದು ಸಂಸ್ಕೃತದ ‘ಪ್ರಾವೃಷ’, ಮಳೆಗಾಲ. ಈಗ ಈ ಸಾಲು ನೋಡಿ:

‘ಪಾವ್ಸಾಂತ್ ಪಾವ್ ಘೇವ್ನ್ ಪಾವ್ಲೊ.’

ಮಳೆಯಲ್ಲಿ ರೊಟ್ಟಿ ತೆಗೆದುಕೊಂಡು ಬಂದು ಮುಟ್ಟಿದ. ಮೂರು ಪಾವು, ಮೂರಕ್ಕೂ ಮೂಲ ಬೇರೆ. ಒಂದು ಮಳೆಗಾಲದ ಸಂಸ್ಕೃತ, ಒಂದು ಲಿಸ್ಬನ್ನಿನದು, ಒಂದು ಪ್ರಾಪ್ತಿಯದು. ನನ್ನ ಮಗನಿಗೆ ನಾಲಿಗೆ ತಿರುಗಿಸಲು ಇದನ್ನೇ ಕೊಡುತ್ತೇನೆ.

ಲಾದಿ ಪಾವ್ ಅಣ್ಣಾ, ನಿಮಗೆ ಒಂದು ಎಚ್ಚರಿಕೆ. ಪೋರ್ಚುಗಲ್ಲಿಗೆ ಹೋದರೆ ಮೂಗಿನಲ್ಲಿ ಹೇಳದೆ ಒಣ ‘ಪಾವ್’ ಕೇಳಬೇಡಿ. ಮೂಗು ಬಿಟ್ಟರೆ ಅದು ‘ಮರದ ಕೋಲು’ ಆಗುತ್ತದೆ, ಬೀದಿ ಮಾತಿನಲ್ಲಿ ಇನ್ನೂ ಏನೇನೋ ಅರ್ಥ. ಬ್ರೆಜಿಲ್ ದೇಶಕ್ಕೆ ಹೆಸರು ಬಂದದ್ದೇ ‘ಪಾವ್ ಬ್ರಾಸಿಲ್’ ಅನ್ನುವ ಬಣ್ಣದ ಮರದಿಂದ. ಆ ‘ಪಾವ್’ ಮರದ್ದು, ರೊಟ್ಟಿಯದ್ದಲ್ಲ.

ಲಾದಿ ಪಾವ್

ನನಗೆ ಪಾಸ್‌ಪೋರ್ಟೇ ಇಲ್ಲ. ಕೋಲು ಕೇಳುವ ಪ್ರಸಂಗ ಬರಲಿಕ್ಕಿಲ್ಲ.

ನಾನು ಹೇಳುವುದು ಇಷ್ಟೇ, ನಮ್ಮ ಅಂಗಡಿಯಲ್ಲಿ ನಾಲ್ಕರಲ್ಲಿ ಒಂದು ಪಾವು. ಅದು ಬದಲಾಗುವುದಿಲ್ಲ. ಈಗ ಇನ್ನೊಂದು ಕೇಳುತ್ತೇನೆ. ನಮ್ಮ ಹುಡುಗ ಬೆಂಗಳೂರಿನಿಂದ ಬಂದು ‘ಬಾವ್ ಮಾಡ್ರಿ, ಬಾವ್ ಮಾಡ್ರಿ’ ಅಂತ ಗಂಟು ಬಿದ್ದಿದ್ದಾನೆ. ಚೀನಾದ ಬನ್ನು, ಆವಿಯಲ್ಲಿ ಬೇಯಿಸಿದ್ದು, ಒಳಗೆ ಪಲ್ಯ. ಬಾವ್, ಪಾವ್. ಪೋರ್ಚುಗೀಸರು ಮಕಾವ್‌ನಲ್ಲೂ ಇದ್ದರಲ್ಲ. ಅವರೇ ಅಲ್ಲಿಂದ ಕದ್ದು ತಂದಿರಬೇಕು!

ರೇಲ್ವೆ ಕ್ವಾರ್ಟರ್ಸ್

ಕದ್ದಿಲ್ಲ. ಪೋರ್ಚುಗೀಸರ ಪಾವ್ ಲ್ಯಾಟಿನ್ನಿನ ಮಗ, ಅವರು ಹಡಗು ಹತ್ತುವ ಮುಂಚೆಯೇ ಅವರ ಮನೆಯಲ್ಲಿ ಇದ್ದದ್ದು. ಚೀನಿಯರ ‘ಬಾವ್’ ಅಂದರೆ ಸುತ್ತುವುದು, ಪೊಟ್ಟಣ ಕಟ್ಟುವುದು. ಹೂರಣ ಸುತ್ತಿದ್ದರಿಂದ ಆ ಹೆಸರು. ಸದ್ದು ಕೂಡಿದ್ದು ಬರೀ ಆಕಸ್ಮಿಕ.

ಆದರೆ ಪೋರ್ಚುಗೀಸರು ಪೂರ್ವಕ್ಕೆ ನಿಜವಾಗಿ ಒಯ್ದ ಕಡೆ ಒಂದಿದೆ. ಜಪಾನಿನಲ್ಲಿ ಬ್ರೆಡ್ಡಿಗೆ ‘ಪಾನ್’ ಅನ್ನುತ್ತಾರೆ. 16ನೇ ಶತಮಾನದಲ್ಲಿ ಅದೇ ಹಡಗುಗಳಿಂದ ಇಳಿದದ್ದು. ಜಪಾನಿನಿಂದ ಕೊರಿಯಾಕ್ಕೆ ಹೋಗಿ ‘ಪಾಂಗ್’ ಆಯಿತು. ಹಾಗಾಗಿ ನಿಮ್ಮ ಲಾದಿಗೆ ಜಪಾನಿನಲ್ಲೂ ನೆಂಟರಿದ್ದಾರೆ, ಆದರೆ ಚೀನಾದಲ್ಲಿ ಇಲ್ಲ. ಮತ್ತೆ ನಮ್ಮ ಪಾನ್ ಅಂಗಡಿಯ ಪಾನ್ ಅದಲ್ಲ, ಸಂಸ್ಕೃತದ ಪರ್ಣ, ಎಲೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸಪ್ತಾಪುರದ ತಮ್ಮ ಮತ್ತೆ ಬೆಟ್ ಕಟ್ಟುತ್ತಾನೆ.

ಸಪ್ತಾಪುರ ಹಾಸ್ಟೆಲ್

ಕಟ್ಟುವುದರಲ್ಲೇ ಇದ್ದೆ ಸರ್.

ಬೆಟಗೇರಿ ಮಗ್ಗ

ತಡವಾಗಿ ಬಂದೆ. ನಮ್ಮದು ನೇಕಾರಿಕೆ. ತಮಿಳುನಾಡಿನ ನೂಲಿನ ವ್ಯಾಪಾರಿ ಒಬ್ಬರು ನಮ್ಮ ಮನೆಗೆ ಬಂದಾಗ ಮಗ್ಗ ನೋಡಿ ‘ಪಾವು, ಪಾವು’ ಅಂದರು. ಮಗ್ಗದ ಕೆಳಗೆ ಹಾವು ಹೊಕ್ಕಿದೆ ಅಂತ ತಿಳಿದು ನಮ್ಮ ಅವ್ವ ಲಾಳಿ ಬಿಟ್ಟು ಎದ್ದಳು. ತಮಿಳಿನಲ್ಲಿ ಹಾವು ಪಾಂಬು ಅಂತ ಮಾಸ್ತರು ಹೇಳಿದರಲ್ಲ. ಹಾಗಾದರೆ ಪಾವು? ಕೈ ತೋರಿಸಿದ ಮೇಲೆ ಗೊತ್ತಾಯಿತು, ಅವರು ಹೇಳಿದ್ದು ಹಾಸು. ಮಗ್ಗದ ಉದ್ದಕ್ಕೂ ಎಳೆದು ಕಟ್ಟುವ ನೂಲು. ನಾವು ಹಾಸು, ಹೊಕ್ಕು ಅನ್ನುತ್ತೇವೆ. ಆ ಹಾಸು ನೂಲಿಗೆ ಅವರು ಪಾವು ಅನ್ನುತ್ತಾರೆ.

ನಮ್ಮ ಹಾಸು ಹಳಗನ್ನಡದಲ್ಲಿ ಪಾಸು ಇತ್ತೇನ್ರಿ ಮಾಸ್ತರ್ರೆ?

ಮಾಳಮಡ್ಡಿ ಮಾಸ್ತರ

ಇತ್ತು. ಪಾಸು, ಹರಡು ಅನ್ನುವ ಅರ್ಥ. ಹಾಸಿಗೆ ಕೂಡ ಆಗ ಪಾಸು. ತಮಿಳಿನ ಪಾವು ಅನ್ನುವುದೂ ಹರಡು, ಹಾಸು ಅನ್ನುವ ಅರ್ಥದ್ದೇ. ನಿಮ್ಮ ಅವ್ವ ಎದ್ದದ್ದು ಮಾತ್ರ ಹಳಗನ್ನಡದ ಅರ್ಥಕ್ಕೆ. ನನ್ನ ವಿದ್ಯಾರ್ಥಿಗಳೂ ಅಷ್ಟು ಬೇಗ ಅರ್ಥ ಮಾಡಿಕೊಂಡವರಲ್ಲ.

ಯಾಲಕ್ಕಿ ಮಾಲೆ

ಒಂದು ಉಳಿಯಿತು. ಮಠಗಳಲ್ಲಿ ಸ್ವಾಮಿಗಳು ಮೆಟ್ಟುವ ಮರದ ಪಾದುಕೆಗೆ ಹಾವುಗೆ ಅನ್ನುತ್ತಾರೆ. ಮುಂದೆ ಬೆರಳಿಗೆ ಒಂದು ಗುಬಟು, ನಡೆದರೆ ಟಕ್ ಟಕ್ ಸದ್ದು. ನಮ್ಮಲ್ಲಿ ಒಬ್ಬರು, ಕಾಡಿನಲ್ಲಿ ಹಾವು ಕಚ್ಚದಿರಲಿ ಅಂತ ಮೆಟ್ಟುತ್ತಿದ್ದರು, ಅದಕ್ಕೇ ಹಾವುಗೆ ಅಂತ ಹೇಳಿದರು. ಮಾಸ್ತರ್ರೆ, ಇದು ಹಾವಿನ ಕಡೆಯಾ, ಪಾದದ ಕಡೆಯಾ?

ಮಾಳಮಡ್ಡಿ ಮಾಸ್ತರ

ಪಾದದ ಕಡೆ. ಹಾವಿಗೂ ಅದಕ್ಕೂ ಸಂಬಂಧ ಇಲ್ಲ. ಸಂಸ್ಕೃತದ ಪಾದುಕಾ ಬಹಳ ಹಿಂದೆಯೇ ಕನ್ನಡಕ್ಕೆ ಬಂದು ‘ಪಾವುಗೆ’ ಆಗಿತ್ತು. ಜನರ ಬಾಯಲ್ಲಿ ಪೂರಾ ಕನ್ನಡದ ಮಾತೇ ಆಗಿಹೋಗಿತ್ತು. ಹಾಗಾಗಿ ಹಕಾರದ ಗಾಳಿ ಬೀಸಿದಾಗ ಅದೂ ಹಾಲು, ಹುಲಿಗಳ ಜತೆ ಹೊರಟಿತು. ಪಾವುಗೆ ಹಾವುಗೆ ಆಯಿತು. ಅದೇ ಪಾದದ ಇನ್ನೊಂದು ಮರಿ, ಅಳತೆಯ ಪಾವು, ಎಷ್ಟೋ ಕಾಲದ ಮೇಲೆ ಮರಾಠಿಯ ಬಾಗಿಲಿನಿಂದ ಬಂತು. ಅದಕ್ಕೆ ಪಕಾರ ಉಳಿಯಿತು. ಅಕ್ಕ ತಂಗಿಯರೇ, ಬಂದ ಕಾಲ ಬೇರೆ. ಹಾವುಗೆ ಪಾವಿನ ಅಕ್ಕ.

ಹಾವು ಕಚ್ಚದಿರಲಿ ಅಂತ ಮೆಟ್ಟುವುದಾದರೆ ಮೊಣಕಾಲ ತನಕ ಇರುವ ಬೂಟು ಮೆಟ್ಟಲಿ. ಎರಡು ಬೆರಳಿನ ಹಾವುಗೆ ಹಾಕಿಕೊಂಡು ಕಾಡಿನಲ್ಲಿ ಓಡಲಿಕ್ಕೂ ಆಗುವುದಿಲ್ಲ.